ಹಸಿರುಮನೆಗೆ ಜಾಗ ನೋಡುವುದಾದರೆ ಆಟಿಯಲ್ಲಿ ನೋಡಿ

ಇತ್ತೀಚಿನ ವರ್ಷಗಳಲ್ಲಿ ಕಾಸರಗೋಡಿನ ತೋಟದ ಮನೆಗಳ ಬಳಿ ಪ್ಲಾಸ್ಟಿಕ್ ಹೊದಿಕೆಯ ಹಸಿರುಮನೆಗಳು ಅಲ್ಲಲ್ಲಿ ಎದ್ದಿವೆ. ಕರಪತ್ರಗಳಲ್ಲಿ ‘ಮಳಮರ’ ಎಂಬ ಮಲಯಾಳ ಪದ ಕಂಡು ನಮ್ಮವರು ತಬ್ಬಿಬ್ಬಾಗಬೇಕಾಗಿಲ್ಲ. ಅದು ನಮ್ಮ ‘ಮಳೆಮರೆ’ಯೇ. ಖರ್ಚೆಷ್ಟು, ಯಾವ ಶೀಟು ಒಳ್ಳೆಯದು ಎಂದು ಹತ್ತು ಮಂದಿಯಲ್ಲಿ ವಿಚಾರಿಸುವ ಕೃಷಿಕರು, ಎಲ್ಲಿ ಕಟ್ಟಬೇಕೆಂಬುದನ್ನು ಮಾತ್ರ ವೆಲ್ಡಿಂಗ್ ಕೆಲಸದವನ ವಿವೇಚನೆಗೆ ಬಿಟ್ಟುಬಿಡುತ್ತಾರೆ. ಆತನೋ, ಪೈಪು ಇಳಿಸಿದಲ್ಲೇ ಕಂಬ ಹೂಳುತ್ತಾನೆ!

ಪರದೇಶದ ತೋಟಗಾರಿಕೆಯ ಪುಸ್ತಕಗಳು ದಕ್ಷಿಣಕ್ಕೆ ತೆರೆದ ಜಾಗ ಹುಡುಕಿರಿ ಎನ್ನುತ್ತವೆ. ಅದು ಅಲ್ಲಿಗೆ ಸರಿ. ಲಂಡನ್ನಿನಲ್ಲಿ ಡಿಸೆಂಬರ್ ಕೊನೆಗೆ ನಡುಹಗಲಿನಲ್ಲೂ ಸೂರ್ಯ ದಿಗಂತದಿಂದ ಸುಮಾರು 15 ಡಿಗ್ರಿಯಷ್ಟೇ ಮೇಲೇರುತ್ತಾನೆ. ಅವರಿಗೆ ಬಿಸಿಲನ್ನು ಹಿಡಿದಿಡಬೇಕು. ನಮಗೆ ಬೇಕಾದುದು ಬಿಸಿಯಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯಿಂದ ಹರಿವೆ, ಮೆಣಸು, ಟೊಮೆಟೊ ಗಿಡಗಳ ಬುಡ ಕೊಳೆಯದಂತೆ ಕಾಯಬೇಕು, ಅಷ್ಟೇ. ಆದುದರಿಂದ ಜಾಗದ ಲೆಕ್ಕಾಚಾರವೂ ಬೇರೆ.

ಸಾಮಾನ್ಯವಾಗಿ ಕೆಲಸ ನಡೆಯುವುದು ಜನವರಿ, ಫೆಬ್ರವರಿಯಲ್ಲಿ. ಆಗ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಆದರೆ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದ ತನಕ ನಮ್ಮಲ್ಲಿ ನಡುಹಗಲ ಸೂರ್ಯ ಇರುವುದು ನೆತ್ತಿಯಿಂದ ಉತ್ತರಕ್ಕೆ. 15 ಮೀಟರ್ ಎತ್ತರದ ತೆಂಗಿನ ಮರ ಡಿಸೆಂಬರ್ ನಡುಹಗಲಲ್ಲಿ ಉತ್ತರಕ್ಕೆ ಹನ್ನೊಂದು ಮೀಟರಿನಷ್ಟು ನೆರಳು ಚಾಚಿದರೆ, ಜೂನ್ ಕೊನೆಗೆ ದಕ್ಷಿಣಕ್ಕೆ ಮೂರು ಮೀಟರ್ ಮಾತ್ರ. ಬೇಸಗೆಯಲ್ಲಿ ನೆರಳು ನೋಡಿ ಗುರುತು ಹಾಕಿದವರಿಗೆ ಮಳೆಗಾಲದ ಸ್ಥಿತಿ ತಿಳಿಯುವುದೇ ಇಲ್ಲ.

ಇನ್ನೊಂದು ಮಾತು. ಆಟಿಯಲ್ಲಿ ಸೂರ್ಯನ ಮುಖ ಕಾಣುವುದೇ ಅಪರೂಪ. ಮೋಡ ಕವಿದಾಗ ಬೆಳಕು ಒಂದು ದಿಕ್ಕಿನಿಂದ ಬಾರದೆ ಇಡೀ ಆಕಾಶದಿಂದ ಇಳಿಯುತ್ತದೆ. ಆದ ಕಾರಣ ಆರಿಸಿದ ಜಾಗದ ನಡುವೆ ನಿಂತು ತಲೆಯೆತ್ತಿ ನೋಡಿ. ಎಷ್ಟು ಆಕಾಶ ಕಾಣುತ್ತದೋ ಗಿಡಕ್ಕೆ ಅಷ್ಟು ಬೆಳಕು. ಅಡಿಕೆ ಸೋಗೆ, ಹಲಸಿನ ಕೊಂಬೆಗಳೇ ಕಣ್ಣು ತುಂಬಿದರೆ ಅಲ್ಲಿ ಗಿಡ ಸಣಕಲಾಗಿ ಉದ್ದ ಬೆಳೆದೀತೇ ಹೊರತು ಕಾಯಿ ಬಿಡದು. ತೆಂಗಿನ ಬುಡದಿಂದ ದೂರವಿರುವುದಕ್ಕೆ ಬೇರೆ ಕಾರಣವೂ ಉಂಟು: ಒಂದೇ ಒಂದು ಮಡಲು ಬಿದ್ದರೆ ಶೀಟು ಹರಿಯಿತೆಂದೇ ಲೆಕ್ಕ.

ಬೈಲಿನ ತೋಟದ ನಡುವೆ ಕಟ್ಟುವುದು ಲೇಸಲ್ಲ. ಅಲ್ಲಿ ಗಾಳಿಯಾಡದು, ಕಣಿಗಳಲ್ಲಿ ನೀರು ತುಂಬಿದಾಗ ನೆಲವೇ ಪಸೆಯಾಗಿ ಶಿಲೀಂಧ್ರ ರೋಗಗಳಿಗೆ ತವರಾಗುತ್ತದೆ. ಗುಡ್ಡೆಯ ತಲೆ ಅಥವಾ ಪಾರೆಯ ಮೇಲಾದರೆ ಬೆಳಕು ಧಾರಾಳ. ಆದರೆ ಪಡುವಣ ಗಾಳಿಗೆ ತಡೆಯಿಲ್ಲ. ನನ್ನ ಮಟ್ಟಿಗೆ ತೋಟಕ್ಕೂ ಗುಡ್ಡೆಗೂ ನಡುವಿನ ತಟ್ಟು, ಅದರಲ್ಲೂ ಮೂಡು ದಿಕ್ಕಿಗೆ ತೆರೆದುಕೊಂಡ ತಟ್ಟು, ಎಲ್ಲದಕ್ಕಿಂತ ಮೇಲು. ಬೆಳಗ್ಗಿನ ಬಿಸಿಲು ಎಲೆಯ ತೇವವನ್ನು ಬೇಗ ಆರಿಸುತ್ತದೆ. ಪಶ್ಚಿಮಕ್ಕೆ ತುಸು ದೂರದಲ್ಲಿ ಬೇಲಿಯೋ ಗಿಡಗಳ ಸಾಲೋ ಇದ್ದರೆ ಗಾಳಿಯ ಹೊಡೆತ ಮುರಿಯುತ್ತದೆ. ಬರೆಗೆ ತಾಗಿಸಿ ಮಾತ್ರ ಕಟ್ಟಬೇಡಿ. ಮಣ್ಣು ಕುಸಿದರೆ ಕಂಬ ಸಹಿತ ಹೋದೀತು.

ಹೆಚ್ಚಿನವರು ಮರೆಯುವುದು ಮಾಡಿನ ನೀರನ್ನು. 100 ಚದರ ಮೀಟರ್, ಎಂದರೆ ಸುಮಾರು ಎರಡೂವರೆ ಸೆಂಟ್ಸ್ ವಿಸ್ತಾರದ ಮಾಡಿನ ಮೇಲೆ ಒಂದು ದಿನ 100 ಮಿಲಿಮೀಟರ್ ಮಳೆ ಬಿದ್ದರೆ ಹತ್ತು ಸಾವಿರ ಲೀಟರ್ ನೀರು! ನಮ್ಮಲ್ಲಿ ಅಂತಹ ದಿನಗಳು ಹೊಸತಲ್ಲ. ಆ ನೀರು ಮನೆಯ ಹಿಂಗೋಡೆಗೋ ಕೆಳಗಿನ ಬರೆಯ ಅಂಚಿಗೋ ಇಳಿಯುವಂತಿದ್ದರೆ ಉಳಿದೆಲ್ಲ ಅನುಕೂಲವಿದ್ದರೂ ಆ ಜಾಗ ಬೇಡ. ಕಣಿ ತೋಡಿ ತೋಡಿಗೆ ಬಿಡಲು, ಅಥವಾ ಹೊಂಡ ತುಂಬಿಸಲು ಇಳಿಜಾರು ಇರಬೇಕು.

ಸುರಂಗದ ನೀರಿರುವ ಮನೆಗಳವರು ಪುಣ್ಯವಂತರು. ಸುರಂಗದ ಬಾಯಿಗಿಂತ ಕೆಳಗಿನ ತಟ್ಟನ್ನು ಆರಿಸಿಕೊಂಡರೆ ಮಾರ್ಚ್‌ನಲ್ಲಿ ಪಂಪಿನ ಹಂಗಿಲ್ಲದೆ ನೀರು ಹರಿದು ಬರುತ್ತದೆ. ಆ ತಿಂಗಳಲ್ಲಿ ಒಳಗೆ ಕುದಿಯದಂತೆ ನಾಲ್ಕೂ ಬದಿ ತೆರೆದಿಡಲು ಸುತ್ತ ಒಂದೆರಡು ಮೀಟರ್ ಖಾಲಿ ಬಿಡಬೇಕು. ಬದಿ ತೆರೆದಿದ್ದರೆ ಮುಳ್ಳುಸೌತೆಯ ಹೂವಿಗೆ ಜೇನುನೊಣವೂ ಬಂದೀತು.

ಮಂಗ, ಹಂದಿಗಳ ಕಾಟ ಇದ್ದದ್ದೇ. ಅಡುಗೆ ಕೋಣೆಯ ಕಿಟಿಕಿಯಿಂದ ಕಾಣುವಷ್ಟು ಹತ್ತಿರವಿದ್ದರೆ ಅದಕ್ಕೂ ಒಂದು ಕಾವಲು. ಈ ವರ್ಷ ಕಟ್ಟುವ ಯೋಚನೆಯಿದ್ದವರು ಆಟಿಯ ಒಂದು ಜಡಿಮಳೆಯ ದಿನ ಕೊಡೆ ಹಿಡಿದು ಹಿತ್ತಿಲಿಗೆ ಸುತ್ತು ಬಂದು, ನೀರು ನಿಲ್ಲದಲ್ಲಿ ನಾಲ್ಕು ಗೂಟ ಹೊಡೆದಿಡಲಿ. ಪೈಪಿನ ಕೆಲಸ ದೀಪಾವಳಿ ಕಳೆದು ಆದರೂ ಸಾಕು.