ಕೆರೆ ಕಳೆಗೆ ಕಾಸು ಯಾರದು?

ಹುಣಸೂರು: ಲಕ್ಷ್ಮಣತೀರ್ಥದ ನೀರನ್ನೇ ಅಂತರಗಂಗೆ ಮುಚ್ಚಿಬಿಡುವುದನ್ನು ಪಟ್ಟಣದ ಜನ ಕಂಡಿದ್ದಾರೆ. ಒಮ್ಮೆ ಕಿತ್ತು ಹಾಕಿದರೆ ಮುಗಿಯಿತೇ? ಇಲ್ಲ ಸ್ವಾಮಿ. ಎರಡು ವಾರದಲ್ಲಿ ಇಮ್ಮಡಿಯಾಗುವ ಕಳೆ ಇದು. ಬೀಜ ಕೆಸರಲ್ಲಿ ವರ್ಷಗಟ್ಟಲೆ ಜೀವಂತ.

1980ರ ದಶಕದಲ್ಲಿ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೆಂಗಳೂರಿನ ಕೆರೆಗಳಿಗೆ ಈ ಕಳೆ ತಿನ್ನುವ ಹುಳು ಬಿಟ್ಟು ಗೆದ್ದರು. ಹುಳುವಿಗೆ ಕೂಲಿಯಿಲ್ಲ, ನಿಜ. ಆದರೆ ಫಲ ಕಾಣಲು ವರ್ಷಗಳೇ ಬೇಕು. ಚರಂಡಿ ನೀರು ಇಳಿದಷ್ಟೂ ಕಳೆಗೆ ಗೊಬ್ಬರ.

ಹಿಂದೆ ಕೆರೆ ರಿಪೇರಿಗೆಂದೇ ಪಾಲು ತೆಗೆದಿಡುತ್ತಿದ್ದರು. ಶಾಸನಗಳಲ್ಲಿ ಅದು ಬಿತ್ತುವಟ್ಟ. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಕೆರೆ ಊರುಗಳಿಗೂ ಅದೇ ದಾರಿ: ಮೀನು ಹರಾಜಿನ ಹಣದಲ್ಲಿ ಒಂದು ಪಾಲು, ಅಚ್ಚುಕಟ್ಟಿನ ರೈತರಿಂದ ಎಕರೆಗಿಷ್ಟು ಎಂದು ಕಳೆಗೇ ಮೀಸಲಿಡಬೇಕು. ಸರ್ಕಾರದ ಗ್ರ್ಯಾಂಟು ಬರೋ ಹೊತ್ತಿಗೆ ಕಳೆ ಆಚೆ ದಡ ಮುಟ್ಟಿರುತ್ತೆ.