ಗೌಳಿಗುಡದ ಛಾವಣಿ ಹೋಯಿತು, ಆಲ್ಬಿಯನ್ ಮೋಟಾರು ಉಳಿದಿದೆ

ಹೈದರಾಬಾದಿನಲ್ಲಿ ಬಹುಕಾಲದಿಂದ ನೆಲೆಸಿರುವ ಕನ್ನಡಿಗರಲ್ಲಿ ಗೌಳಿಗುಡದ ಹಳೆಯ ಬಸ್ಸು ನಿಲ್ದಾಣವನ್ನು ಅರಿಯದವರು ವಿರಳ. ಕಲಬುರಗಿ, ರಾಯಚೂರು, ಬೀದರುಗಳಿಂದ ಬಂದ ನಮ್ಮವರು ಈ ನಗರದಲ್ಲಿ ಮೊತ್ತಮೊದಲು ಕಾಲೂರಿದ್ದು ಆ ಕಮಾನು ತಗಡಿನ ಛಾವಣಿಯ ಕೆಳಗೇ. ನಾವು ಲೇಖನಿ ಹಿಡಿಯುವುದಕ್ಕೆ ಮೊದಲು ಗಲ್ಲಾ ಹಿಡಿದವರು. ಅದಕ್ಕೂ ಮೊದಲು, ಬಾಲ್ಯದಲ್ಲಿ, ನಮ್ಮ ತೀರ್ಥರೂಪರ ಹೋಟೆಲಿನಿಂದ ಆ ನಿಲ್ದಾಣಕ್ಕೆ ಕಾಫಿ ಲೋಟಗಳನ್ನು ಹೊತ್ತವರು. ಬೆಳಗಿನ ಜಾವದ ಗಾಡಿ ಬಂದಿತೆಂಬುದು ಛಾವಣಿಯಲ್ಲಿ ಮೊಳಗುವ ಸದ್ದಿನಿಂದಲೇ ನಮಗೆ ತಿಳಿಯುತ್ತಿದ್ದಿತು. 1994ರಲ್ಲಿ ದೂರದೂರಿನ ಬಸ್ಸುಗಳು ಇಮ್ಲಿಬನ್ನಿನ ಮಹಾತ್ಮಾ ಗಾಂಧಿ ನಿಲ್ದಾಣಕ್ಕೆ ಹೋದವು. ಗೌಳಿಗುಡಕ್ಕೆ ನಗರದ ಬಸ್ಸುಗಳು ಮಾತ್ರ ಉಳಿದವು.

ವಿಮಾನಗಳನ್ನು ನಿಲ್ಲಿಸಲೆಂದು 1930ರಲ್ಲಿ ಅಮೆರಿಕದಿಂದ ತರಿಸಿದ್ದೆಂದು ಹೇಳಲಾಗುವ ಆ ಛಾವಣಿಯು 2018ರ ಜುಲೈ 5ರ ಬೆಳಿಗ್ಗೆ ಕುಸಿದುಬಿದ್ದಿತು. ಪುಣ್ಯವಶಾತ್ ಪ್ರಾಣಹಾನಿಯಾಗಲಿಲ್ಲ. ಸುದ್ದಿ ತಿಳಿದು ನಾವು ಹೋಗಿ ನೋಡಿದಾಗ ನೆಲಕ್ಕೊರಗಿದ ಆ ತಗಡಿನ ರಾಶಿಯ ಮುಂದೆ ಬಹಳ ಹೊತ್ತು ನಿಲ್ಲಲಾಗಲಿಲ್ಲ.

ಛಾವಣಿ ಹೋಯಿತು, ಆದರೆ ಅದರ ಸಮಕಾಲೀನವಾದ ಮೋಟಾರೊಂದು ಉಳಿದಿದೆ. ಈ ಲೇಖನವನ್ನು ಬರೆಯಲು ಅದೇ ಕಾರಣ.

1932ರ ಜೂನ್ ತಿಂಗಳಿನಲ್ಲಿ ನಿಜಾಮ್ ಸಂಸ್ಥಾನದ ರೈಲ್ವೆಯವರು ತಮ್ಮ ಇಲಾಖೆಯ ಅಂಗವಾಗಿ ರಸ್ತೆ ಸಾರಿಗೆಯನ್ನು ಆರಂಭಿಸಿದರು. ಆಗ ಇದ್ದದ್ದು 27 ಬಸ್ಸುಗಳು, 166 ಮಂದಿ ನೌಕರರು. ರೈಲಿನೊಡನೆ ಸ್ಪರ್ಧಿಸದೆ, ರೈಲು ಮುಟ್ಟದ ಊರುಗಳಿಗೆ ಅದೇ ಇಲಾಖೆಯ ಬಸ್ಸು ಮುಟ್ಟಬೇಕೆಂಬುದು ಆ ಏರ್ಪಾಟಿನ ತಿರುಳು. ಆ ಕಾಲದ ಆಲ್ಬಿಯನ್ ಗಾಡಿಯೊಂದನ್ನು ಇಲ್ಲಿಯ ಸಾರಿಗೆ ಸಂಸ್ಥೆಯವರು ಕಾಪಾಡಿಕೊಂಡು ಬಂದಿದ್ದಾರೆ. ‘ಡೆಕ್ಕನ್ ಕ್ವೀನ್’ ಎಂದು ಅದರ ಹೆಸರು. ಮುಂದಕ್ಕೆ ಚಾಚಿದ ಬಾನೆಟ್ಟು; ಇಂದಿನ ಬಸ್ಸುಗಳ ಪಕ್ಕದಲ್ಲಿ ಆಟಿಕೆಯಂತೆ ತೋರುವ ಗಾತ್ರ. ನೋಂದಣಿ ಸಂಖ್ಯೆಯಲ್ಲಿ ‘ಝಡ್’ ಅಕ್ಷರವಿದೆ. ಕೊನೆಯ ನಿಜಾಮರಾದ ಮೀರ್ ಉಸ್ಮಾನ್ ಅಲಿ ಖಾನರು ತಮ್ಮ ತಾಯಿ ಜೆಹ್ರಾ ಬೇಗಮರ ನೆನಪಿಗಾಗಿ ಈ ಅಕ್ಷರವನ್ನು ಇಡಿಸಿದರೆಂದು ಊರಿನಲ್ಲಿ ಹೇಳುವ ವಾಡಿಕೆ. ಸಂಸ್ಥಾನ ಹೋಗಿ, ರಾಜ್ಯಗಳು ಎರಡೆರಡು ಬಾರಿ ಬದಲಾದರೂ ಸರಕಾರಿ ಬಸ್ಸುಗಳ ಫಲಕದಲ್ಲಿ ಆ ಅಕ್ಷರ ಇಂದಿಗೂ ಇದೆ. ವಾಚಕರು ರಸ್ತೆಯಲ್ಲಿ ನಿಂತು ನೋಡಬಹುದು.

ಈ ಇಲಾಖೆ ಕೇವಲ ತೆಲುಗರದ್ದಾಗಿರಲಿಲ್ಲವೆಂಬುದನ್ನು ನಮ್ಮ ತರುಣರು ತಿಳಿಯಬೇಕು. ಕಲಬುರಗಿ, ರಾಯಚೂರು, ಬೀದರುಗಳೂ ಸಂಸ್ಥಾನದ ಜಿಲ್ಲೆಗಳೇ ಆಗಿದ್ದವಷ್ಟೆ. 1956ರ ನವೆಂಬರ್ 1ರಂದು ರಾಜ್ಯಗಳ ವಿಂಗಡಣೆಯಾದಾಗ ಅಣ್ಣತಮ್ಮಂದಿರು ಮನೆಯ ಪಾತ್ರೆಗಳನ್ನು ಹಂಚಿಕೊಳ್ಳುವಂತೆ ಬಸ್ಸುಗಳೂ ಹಂಚಿಹೋದವು. ಮರಾಠವಾಡದ ಪಾಲು ಮುಂಬಯಿಗೆ, ಕನ್ನಡ ಜಿಲ್ಲೆಗಳ ಪಾಲು ಮೈಸೂರಿಗೆ ಸಂದಿತು. ಇಂದು ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನಲ್ಲಿ ಇಮ್ಲಿಬನ್ನಿಗೆ ಬಂದಿಳಿಯುವವರು ಒಂದು ಬಗೆಯಲ್ಲಿ ಹಳೆಯ ಮನೆಗೇ ಬಂದಿಳಿಯುತ್ತಾರೆ.

ಆಲ್ಬಿಯನ್ ಕಂಪನಿ ಹುಟ್ಟಿದ್ದು 1899ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದಲ್ಲಿ. 1951ರಲ್ಲಿ ಅದು ಲೇಲ್ಯಾಂಡ್ ಕಂಪನಿಯ ಕೈಸೇರಿತು. ಅಂದಿನ ಗಾಡಿಗೆ ಬಿಡಿಭಾಗಗಳು ಇಂದು ಅಂಗಡಿಯಲ್ಲಿ ದೊರೆಯುವುದೆಲ್ಲಿಂದ? ಕಾರ್ಖಾನೆಯ ಲೇತಿನಲ್ಲಿ ಕಡೆದೇ ಮಾಡಬೇಕು. ಅದೇ ಗ್ಲಾಸ್ಗೋ ಪಟ್ಟಣದ ಬ್ರಿಡ್ಜ್‌ಟನ್ನಿನ ಹಳೆಯ ಬಸ್ ಗರಾಜಿನಲ್ಲಿ ಹವ್ಯಾಸಿಗಳು ಹಳೆಯ ಬಸ್ಸುಗಳನ್ನು ತಾವೇ ದುರಸ್ತು ಮಾಡಿ, ಗೊತ್ತಾದ ದಿನಗಳಲ್ಲಿ ಜನರನ್ನು ಕೂರಿಸಿಕೊಂಡು ಓಡಿಸುತ್ತಾರೆ. ಲಂಡನ್ನಿನ ಬಳಿಯ ಬ್ರೂಕ್‌ಲ್ಯಾಂಡ್ಸಿನ ಬಸ್ ವಸ್ತುಸಂಗ್ರಹಾಲಯದಲ್ಲಿಯೂ ಹೀಗೆಯೇ.

ಓಡಿಸುವುದು ಕೇವಲ ವಿನೋದಕ್ಕಲ್ಲ. ನಿಂತ ಇಂಜಿನ್ನಿನಲ್ಲಿ ಎಣ್ಣೆ ಕೆಳಗಿಳಿಯುತ್ತದೆ, ಪಿಸ್ಟನ್ನಿನ ಬಳೆಗಳು ತುಕ್ಕು ಹಿಡಿದು ಸಿಲಿಂಡರಿಗೆ ಅಂಟುತ್ತವೆ, ಕಾರ್ಬುರೇಟರಿನ ಪೆಟ್ರೋಲು ಅಂಟಾಗುತ್ತದೆ, ರಬ್ಬರು ಬಿರಿಯುತ್ತದೆ. ನಮ್ಮ ಕಸುಬಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ತಿಂಗಳು ಒಲೆಯೇರದ ದೋಸೆ ಕಾವಲಿಯ ಮೇಲೆ ಮೊದಲ ದೋಸೆ ಏಳುವುದುಂಟೆ? ಬಣ್ಣ ಬಳಿದು ನಿಲ್ಲಿಸಿದ ಗಾಡಿ ಹೊರಗೆ ಹೊಳೆಯುತ್ತಿದ್ದರೂ ಒಳಗೆ ಸಾಯುತ್ತಿರಬಹುದು.

ಈ ಊರಿನ ಡಬಲ್ ಡೆಕ್ಕರುಗಳ ಗತಿಯೂ ನಮ್ಮ ಕಣ್ಣ ಮುಂದಿದೆ. 2003ರ ಸುಮಾರಿಗೆ ಅವು ರಸ್ತೆಯಿಂದ ಮರೆಯಾದವು. 2023ರ ಫೆಬ್ರವರಿಯಲ್ಲಿ ವಿದ್ಯುತ್ತಿನಿಂದ ಓಡುವ ಮೂರು ಹೊಸ ಡಬಲ್ ಡೆಕ್ಕರುಗಳು ಬಂದಾಗ ಅವನ್ನು ನೋಡಲು ಜನ ನೆರೆದುದನ್ನು ಕಂಡೆವು. ಹಳೆಯದರ ಮೇಲೆ ಮಮತೆಯಿಲ್ಲದಿದ್ದರೆ ಹೊಸದಕ್ಕೆ ಅಷ್ಟು ಸಂಭ್ರಮವೇಕೆ?

ಸಾರಿಗೆ ಸಂಸ್ಥೆಯ ಅಧಿಕಾರಿಗಳಲ್ಲಿ ನಮ್ಮ ಬಿನ್ನಹವಿಷ್ಟೆ. ಪ್ರತಿ ವರ್ಷ ಜೂನ್ ತಿಂಗಳಿನಲ್ಲಿ ಒಂದು ಭಾನುವಾರ, ವಾಹನ ಸಂಚಾರ ಹೆಚ್ಚುವ ಮೊದಲು, ಈ ಆಲ್ಬಿಯನ್ನು ಗೌಳಿಗುಡದಿಂದ ಕಾಚಿಗುಡದವರೆಗೆ ನಿಧಾನವಾಗಿ ಓಡಲಿ. ಇಂಜಿನ್ನಿಗೆ ಅಷ್ಟು ದೂರದ ಶಕ್ತಿಯಿಲ್ಲವೆಂದು ಮೇಸ್ತ್ರಿಗಳು ಹೇಳಿದರೆ ಡಿಪೋ ಅಂಗಳದಲ್ಲಿ ಎರಡು ಸುತ್ತಾದರೂ ಸಾಕು. ಕಾಚಿಗುಡದವರೆಗೆ ಬಂದರಂತೂ ಡ್ರೈವರು, ಕಂಡಕ್ಟರು, ಮೇಸ್ತ್ರಿಗಳೆಲ್ಲರ ಕಾಫಿ ತಿಂಡಿಯ ಹೊಣೆ ನಮ್ಮದು.