ರ‍್ಯಾಂಕ್ ಪಟ್ಟಿಯಲ್ಲಿ ಜೋಯಿಡಾ ಎಲ್ಲಿದೆ?

ಸ್ನಾತಕೋತ್ತರ ವೈದ್ಯಕೀಯ ತರಬೇತಿಗೆ ಯಾರನ್ನು, ಹೇಗೆ ಆರಿಸಬೇಕೆಂಬುದು ಯುವ ವೈದ್ಯರ ಖಾಸಗಿ ಚಿಂತೆಯೆಂದೇ ನಾವು ಭಾವಿಸಿದ್ದೇವೆ. ಆದರೆ ದಾಂಡೇಲಿಯ ಕಾಗದ ಕಾರ್ಖಾನೆಯ ಕಾರ್ಮಿಕ, ಹಳಿಯಾಳದ ಕಬ್ಬು ಬೆಳೆಗಾರ, ಜೋಯಿಡಾದ ಕಾಡಂಚಿನ ಕುಣಬಿ, ಮುಂಡಗೋಡದ ಟಿಬೆಟನ್ ನಿರಾಶ್ರಿತ, ಇವರೆಲ್ಲರ ಪಾಲಿಗೆ ಅದು ಜೀವನ್ಮರಣದ ಪ್ರಶ್ನೆ. ಅರಿವಳಿಕೆ ತಜ್ಞರಿಲ್ಲದ ತಾಲ್ಲೂಕು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಾ ಕೊಠಡಿ ಇದ್ದೂ ಇಲ್ಲದಂತೆ. ಕಷ್ಟದ ಹೆರಿಗೆಯಾದರೆ ಹುಬ್ಬಳ್ಳಿ, ಧಾರವಾಡದ ದಾರಿ ಹಿಡಿಯಬೇಕು. ಜಿಲ್ಲೆಯ ಸರ್ಕಾರಿ ವೈದ್ಯಕೀಯ ಕಾಲೇಜು ಇರುವುದು ಘಟ್ಟದ ಕೆಳಗಿನ ಕಾರವಾರದಲ್ಲಿ. 2022ರ ಜುಲೈನಲ್ಲಿ ಸುಸಜ್ಜಿತ ಆಸ್ಪತ್ರೆಗಾಗಿ ಉತ್ತರ ಕನ್ನಡದ ಜನ ದನಿಯೆತ್ತಿದ್ದು ವೃಥಾ ಅಲ್ಲ.

ತಜ್ಞರಾಗಬಯಸುವವರು ನೀಟ್-ಪಿಜಿ ಎಂಬ ಬಾಗಿಲನ್ನು ದಾಟಬೇಕು: ಮೂರೂವರೆ ಗಂಟೆ, 200 ಬಹುಆಯ್ಕೆ ಪ್ರಶ್ನೆಗಳು. ಹತ್ತಾರು ಪ್ರವೇಶ ಪರೀಕ್ಷೆಗಳ ಗೊಂದಲವನ್ನು ಅದು ತಗ್ಗಿಸಿತೆಂಬುದು ನಿಜ. ಆದರೆ ವೈದ್ಯರ ದೂರುಗಳೂ ಅಷ್ಟೇ ನಿಜ. 2021ರ ಸೆಪ್ಟೆಂಬರ್‌ನಲ್ಲಿ ಪರೀಕ್ಷೆ ಬರೆದವರ ಕೌನ್ಸೆಲಿಂಗ್ ಆರಂಭವಾದದ್ದು 2022ರ ಜನವರಿಯಲ್ಲಿ. 2024ರ ಜೂನ್ 23ರ ಪರೀಕ್ಷೆಯನ್ನು ಹಿಂದಿನ ರಾತ್ರಿ ಮುಂದೂಡಲಾಯಿತು. ಆಗಸ್ಟ್‌ನಲ್ಲಿ ಎರಡು ಪಾಳಿಗಳಲ್ಲಿ ನಡೆಸಿದಾಗ ಅಂಕಗಳ ಹೊಂದಾಣಿಕೆಯೇ ವಿವಾದವಾಯಿತು. 2025ರಲ್ಲಿ ಒಂದೇ ಪಾಳಿಗೆ ಸುಪ್ರೀಂ ಕೋರ್ಟ್ ಆದೇಶಿಸಬೇಕಾಯಿತು; ಸೀಟು ತಡೆಹಿಡಿಯುವ ದಂಧೆಯ ವಿರುದ್ಧವೂ ಅದೇ ವರ್ಷ ಅದು ನಿರ್ದೇಶನ ನೀಡಿತು. ಸೀಟುಗಳು ಖಾಲಿ ಉಳಿದಾಗ, 2023ರಲ್ಲಿ ಅರ್ಹತೆಯನ್ನು ಶೂನ್ಯ ಪರ್ಸೆಂಟೈಲ್‌ಗೆ ಇಳಿಸಲಾಯಿತು.

ಇಂಥ ಎಡವಟ್ಟು ನಮ್ಮದಷ್ಟೇ ಅಲ್ಲ. 2007ರಲ್ಲಿ ಬ್ರಿಟನ್ ಕಿರಿಯ ವೈದ್ಯರ ತರಬೇತಿ ಹುದ್ದೆಗಳಿಗೆ ಆನ್‌ಲೈನ್ ಆಯ್ಕೆ ವ್ಯವಸ್ಥೆ ತಂದಿತು. ಅನುಭವಕ್ಕೆ ತಕ್ಕ ತೂಕವಿಲ್ಲವೆಂದು ಸಾವಿರಾರು ವೈದ್ಯರು ಲಂಡನ್ನಿನಲ್ಲಿ ಮೆರವಣಿಗೆ ನಡೆಸಿದರು. ಕೆಲವೇ ತಿಂಗಳಲ್ಲಿ ಸರ್ಕಾರ ಆ ವ್ಯವಸ್ಥೆಯನ್ನು ಕೈಬಿಟ್ಟಿತು.

ಸರ್ಕಾರಿ ಸೇವೆಯಲ್ಲಿ ದಶಕಗಳನ್ನು ಕಳೆದ ನನಗೆ ಒಂದು ಮಾತು ಖಚಿತವಾಗಿದೆ: ಆಯ್ಕೆಯಲ್ಲಿ ಯಾವುದಕ್ಕೆ ಅಂಕವಿದೆಯೋ, ಅಭ್ಯರ್ಥಿ ಅದನ್ನೇ ರೂಢಿಸಿಕೊಳ್ಳುತ್ತಾನೆ. ಅರ್ಥಶಾಸ್ತ್ರವೂ ಇದನ್ನೇ ಹೇಳುತ್ತದೆ. ಕರ್ನಾಟಕದ 2012ರ ಕಾಯಿದೆ ವೈದ್ಯಪದವೀಧರರಿಗೆ ಒಂದು ವರ್ಷದ ಸೇವೆಯನ್ನು ಕಡ್ಡಾಯಗೊಳಿಸಿತ್ತು. ಮುಂದೆ ಅದನ್ನು ಖಾಲಿ ಹುದ್ದೆಗಳಿಗೆ ಅನುಗುಣವಾಗಿ ಸಡಿಲಿಸಲಾಯಿತು. ಕಾಯಿದೆ ವೈದ್ಯರನ್ನು ಕಾಡಿನ ಊರಿಗೆ ಕಳುಹಿಸಬಲ್ಲದು, ಅಲ್ಲಿ ಮನಸ್ಸಿಡುವಂತೆ ಮಾಡಲಾರದು. ರಾತ್ರಿ ಹಾವು ಕಡಿದವನನ್ನು ಉಳಿಸಿದ ವೈದ್ಯೆಗೆ ರ‍್ಯಾಂಕ್ ಪಟ್ಟಿಯಲ್ಲಿ ಅದರಿಂದ ಲಾಭವಿಲ್ಲ. ಕೋಚಿಂಗ್ ಕೇಂದ್ರದಲ್ಲಿ ಕುಳಿತವನಿಗೆ ಇದೆ.

ಪರಿಹಾರ ಕೈಗೆಟುಕದ್ದೇನಲ್ಲ. ಸೇವಾನಿರತ ವೈದ್ಯರಿಗೆ ಸ್ನಾತಕೋತ್ತರ ಸೀಟುಗಳನ್ನು ಮೀಸಲಿಡುವ ಅಧಿಕಾರ ರಾಜ್ಯಗಳಿಗಿದೆಯೆಂದು 2020ರ ಆಗಸ್ಟ್‌ನಲ್ಲಿ ಸಂವಿಧಾನ ಪೀಠವೇ ಹೇಳಿದೆ. ಆ ಸೀಟುಗಳನ್ನು ಜೋಯಿಡಾದಂಥ ದುರ್ಗಮ ತಾಲ್ಲೂಕುಗಳ ಸೇವೆಗೆ ನೇರವಾಗಿ ಜೋಡಿಸಬೇಕು. ಸ್ನಾತಕೋತ್ತರ ವಿದ್ಯಾರ್ಥಿಗಳ ಮೂರು ತಿಂಗಳ ಜಿಲ್ಲಾ ಆಸ್ಪತ್ರೆ ತರಬೇತಿಯನ್ನು ತಾಲ್ಲೂಕು ಆಸ್ಪತ್ರೆಗಳಿಗೂ ವಿಸ್ತರಿಸಬೇಕು. ಪರೀಕ್ಷೆಯಿಂದ ಪ್ರವೇಶದವರೆಗಿನ ದಿನಾಂಕಗಳನ್ನು ಮೊದಲೇ ಪ್ರಕಟಿಸಿ, ಅದಕ್ಕೆ ಬದ್ಧವಾಗಿರಬೇಕು.

ವೈದ್ಯರ ಅಳಲು ಮತ್ತು ರೋಗಿಗಳ ಅಳಲು ಇಲ್ಲಿ ಬೇರೆಬೇರೆಯಲ್ಲ. ಒಂದನ್ನು ಆಲಿಸದೆ ಇನ್ನೊಂದನ್ನು ನೀಗಿಸಲಾಗದು.